ದೊರೆಯ ಮಗಳನ್ನು ಮದುವೆ ಮಾಡಿಕೊಟ್ಟದ್ದು

ನಮ್ಮ ಮನೆಯ ಚಾವಡಿಯ ಗೋಡೆಯಲ್ಲಿ ಒಂದು ಬೆಂಕಿಗೂಡು ಇತ್ತು. ಚಳಿಗೆ ಸೌದೆ ಉರಿಸಿ ಅದರ ಮುಂದೆ ಕಾಲು ಚಾಚಿ ಕೂರುವುದಕ್ಕೆ ಇಂಗ್ಲಿಷರು ಕಟ್ಟಿಸಿಕೊಳ್ಳುವ ಗೂಡು. ಮೇಲೆ ಮಾಡಿನಿಂದ ಹೊರಗೆ ಹೊಗೆಯ ಕೊಳವೆಯೂ ಇತ್ತು. ಬಂಟ್ವಾಳದಲ್ಲಿ ಚಳಿ ಎಂದರೆ ಡಿಸೆಂಬರಿನಲ್ಲಿ ನಾಲ್ಕು ದಿನ ಬೆಳಿಗ್ಗೆ ಹೊದಿಕೆ ಬಿಡಲು ಮನಸ್ಸಾಗದಿರುವುದು, ಅಷ್ಟೇ. ಉಳಿದ ದಿನ ಬೆವರು ಒರೆಸಿಕೊಳ್ಳುವ ಊರಿನಲ್ಲಿ ಬೆಂಕಿಗೂಡು ಕಟ್ಟಿಸಿದವನ ಬುದ್ಧಿಯ ಬಗ್ಗೆ ನನಗೆ ಚಿಕ್ಕಂದಿನಿಂದಲೂ ಗೌರವ ಇರಲಿಲ್ಲ. ನಾವು ಅದರಲ್ಲಿ ತೆಂಗಿನ ಗೆರಟೆ ತುಂಬಿಸಿಡುತ್ತಿದ್ದೆವು. ಅವನು ಮಲಗಿ ಸ್ನಾನ ಮಾಡುತ್ತಿದ್ದ ತೊಟ್ಟಿಯಲ್ಲಿ ಅಮ್ಮ ಉಪ್ಪು ಹಾಕಿದ ಹಲಸಿನ ಸೊಳೆಯ ಭರಣಿಗಳನ್ನು ಸಾಲಾಗಿ ಇಡುತ್ತಿದ್ದಳು.

ಊರಿನವರು ಮನೆಯನ್ನು ದೊರೆ ಬಂಗ್ಲೆ ಎನ್ನುತ್ತಿದ್ದರು. ನೇತ್ರಾವತಿಯ ದಡದಲ್ಲಿ ಒಂದು ಕಾಲದಲ್ಲಿ ಹಂಚಿನ ಕಾರ್ಖಾನೆ ಇತ್ತು. ಅದರ ಮೇನೇಜರ್ ದೊರೆಗೆಂದು, ನೆರೆ ಏರದಷ್ಟು ಎತ್ತರದ ಗುಡ್ಡದಲ್ಲಿ ಕಂಪೆನಿಯವರು ಕಟ್ಟಿಸಿದ ಮನೆ ಇದು. ಕಾರ್ಖಾನೆ ಮುಚ್ಚಿದ ಮೇಲೆ ನಮ್ಮಜ್ಜ ಕೊಂಡುಕೊಂಡರು. ಕೊನೆಯ ದೊರೆಯನ್ನು ಕಣ್ಣಾರೆ ಕಂಡವಳು ನಮ್ಮಜ್ಜಿ. ಅವನಿಗೆ ಹೆಂಡತಿ ಮಕ್ಕಳು ಇರಲಿಲ್ಲ, ಒಬ್ಬ ಅಡಿಗೆಯವ ಮಾತ್ರ ಇದ್ದ, ಹೊಟ್ಟೆನೋವಿಗೆ ನಮ್ಮ ಹಳೆ ಮನೆಯಿಂದ ಗಂಜಿ ತರಿಸಿ ಕುಡಿಯುತ್ತಿದ್ದ, ಒಂದು ದಿನ ಜೀವಂತವಾಗಿಯೇ ಮಂಗಳೂರಿನ ಬಸ್ಸು ಹತ್ತಿ ಹೋದ ಎಂದು ಅಜ್ಜಿ ಹೇಳುತ್ತಿದ್ದಳು. ಮನೆಯ ಚರಿತ್ರೆ ಇಷ್ಟೆ. ಇದರಲ್ಲಿ ಭೂತಕ್ಕೆ ಬೇಕಾದ ಸಾಮಗ್ರಿ ಏನೂ ಇಲ್ಲ. ಆದರೆ ಅಜ್ಜಿ ತೀರಿಕೊಂಡ ಮೇಲೆ ಚರಿತ್ರೆ ಹೇಳುವ ಕೆಲಸ ನಮ್ಮ ಮಾವನ ಪಾಲಿಗೆ ಬಂತು.

ಮಾವ ಎಂದರೆ ಅಮ್ಮನ ಅಣ್ಣ. ನಮ್ಮಲ್ಲಿ ಮನೆಯ ಯಜಮಾನಿಕೆ ಮಾವನದ್ದೇ. ಅಪ್ಪ ಮುಂಬಯಿಯ ಹೋಟೆಲಿನಲ್ಲಿದ್ದವರು, ವರ್ಷಕ್ಕೊಮ್ಮೆ ಬಂದು ಹೋಗುವವರು. ಮಾವ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾಗಿದ್ದರು. ಇಂಗ್ಲಿಷರು ದೇಶ ಬಿಟ್ಟು ಹೋದದ್ದು ಅವರಿಗೆ ಒಳಗಿಂದೊಳಗೆ ಸ್ವಲ್ಪ ಬೇಸರದ ವಿಷಯವೇ ಆಗಿತ್ತು. ನಮ್ಮ ಸುತ್ತಮುತ್ತಲಿನ ಹಳೆ ಮನೆಗಳಲ್ಲಿ ಪ್ರೇತಗಳಿಗೆ ಬರಗಾಲ ಇರಲಿಲ್ಲ. ಆದರೆ ಎಲ್ಲವೂ ಊರಿನ ಪ್ರೇತಗಳು: ಬಾವಿಗೆ ಬಿದ್ದ ಸೊಸೆ, ಕಳ್ಳು ಇಳಿಸಲು ಹತ್ತಿ ಮರದಿಂದ ಜಾರಿದ ಮೂರ್ತೆಯವ, ಇಂಥವರು. ಇಂಗ್ಲಿಷ್ ಪ್ರೇತ ಯಾರಲ್ಲೂ ಇರಲಿಲ್ಲ. ಮಾವ ಆ ಕೊರತೆಯನ್ನು ತುಂಬಿದರು.

ನಾನು ಎಂಟನೇ ತರಗತಿಯಿಂದ ಡೈರಿ ಬರೆಯುತ್ತಿದ್ದೆ. ಯಾರು ಬಂದರು, ಏನು ಅಡಿಗೆ, ಎಷ್ಟು ಜನ ಊಟಕ್ಕೆ, ಯಾರು ಏನು ಹೇಳಿದರು, ಎಲ್ಲವೂ ತಾರೀಕಿನ ಸಮೇತ. ಆದ್ದರಿಂದ ನಮ್ಮ ಪ್ರೇತ ಹುಟ್ಟಿ ಬೆಳೆದ ಬಗೆ ನನಗೆ ಸರಿಯಾಗಿ ಗೊತ್ತುಂಟು. ತೊಂಬತ್ತನಾಲ್ಕರಲ್ಲಿ ಅವಳು ದೊರೆಯ ಹೆಂಡತಿ. ಬಿಳಿ ಗೌನು ಹಾಕಿ ಜಗಲಿಯಲ್ಲಿ ನಡೆಯುತ್ತಿದ್ದಳು, ಅಷ್ಟೆ. ಆ ಕತೆ ಯಾರಿಗೂ ಅಷ್ಟೇನೂ ಹಿಡಿಸಲಿಲ್ಲ. ಮಧ್ಯವಯಸ್ಸಿನ ಹೆಂಗಸು ಜಗಲಿಯಲ್ಲಿ ನಡೆಯುವುದು ಎಲ್ಲರ ಮನೆಯಲ್ಲೂ ಉಂಟು. ತೊಂಬತ್ತಾರರ ಹೊತ್ತಿಗೆ ಅವಳು ದೊರೆಯ ಮಗಳಾದಳು, ಹತ್ತೊಂಬತ್ತು ವರ್ಷದವಳಾದಳು, ಹೊಂಬಣ್ಣದ ಕೂದಲು ಬಂತು. ಗಂಡಸರು ಕಾಫಿ ಆರುವುದು ಮರೆತು ಕೇಳತೊಡಗಿದರು. ಡೈರಿಯ ಕೊನೆಯ ಪುಟದಲ್ಲಿ ನಾನು ಗೆರೆ ಎಳೆದು ಅವಳ ಸಾವಿನ ಲೆಕ್ಕ ಇಟ್ಟಿದ್ದೆ. ಜ್ವರದಿಂದ ಆರು ಸಲ ಸತ್ತಿದ್ದಳು, ನದಿಯ ನೆರೆಯಲ್ಲಿ ನಾಲ್ಕು ಸಲ, ಕುದುರೆಯಿಂದ ಬಿದ್ದು ಎರಡು ಸಲ, ಹಾವು ಕಚ್ಚಿ ಒಂದು ಸಲ. ಹಾವು ಕಚ್ಚಿದ್ದು ಅವತ್ತು ಬಂದವರು ಹಾವಿನ ಮಾತೆತ್ತಿದ್ದಕ್ಕೆ. ಅವಳನ್ನು ಕಂಡವರಿಗೆಂದು ಬೇರೆ ಒಂದು ಸಾಲು ಬಿಟ್ಟಿದ್ದೆ. ಅದು ಕೊನೆಯವರೆಗೂ ಖಾಲಿ ಉಳಿಯಿತು. ಎಲ್ಲರೂ ಕಂಡವರ ಪರಿಚಯದವರು.

ಅವಳು ಮಾತಾಡುತ್ತಲೂ ಇದ್ದಳಂತೆ. ‘ವಾಟರ್’ ಎಂದು ಕೇಳುತ್ತಿದ್ದಳಂತೆ. ಮಾವ ಮೂವತ್ತು ವರ್ಷ ಕಲಿಸಿದ ಎಂಟನೇ ತರಗತಿಯ ಪಾಠದಾಚೆಗೆ ಒಂದು ಶಬ್ದವೂ ಅವಳ ಬಾಯಿಂದ ಬಂದದ್ದಿಲ್ಲ.

ಇದರಿಂದ ಯಾರಿಗೂ ತೊಂದರೆ ಇರಲಿಲ್ಲ, ಅಕ್ಕನ ಮದುವೆಯ ಮಾತು ಬರುವವರೆಗೆ. ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಮಂಗಳೂರಿನಲ್ಲಿ ಬಿ.ಎಡ್. ಓದುವಾಗ ಜೊತೆಗೆ ಓದುತ್ತಿದ್ದ ಒಬ್ಬ ಹುಡುಗನನ್ನು ಮೆಚ್ಚಿಕೊಂಡಿದ್ದಳು. ಮೂಡುಬಿದಿರೆಯವನು, ನಮ್ಮವನೇ, ಬರಿಯೂ ಬೇರೆ. ಒಂದೇ ಬರಿಯವರು, ಅಂದರೆ ಗೋತ್ರದಂತೆ ತಾಯಿಯ ಕಡೆಯಿಂದ ಬರುವ ಒಂದೇ ಬಳಿಯವರು, ಅಣ್ಣ ತಂಗಿಯ ಲೆಕ್ಕವಾದ್ದರಿಂದ ಅದನ್ನು ಅಕ್ಕ ಮೆಚ್ಚುವ ಮೊದಲೇ ವಿಚಾರಿಸಿದ್ದಳು. ಅಷ್ಟು ಜಾಗ್ರತೆಯವಳು. ಈ ಹುಡುಗ ಬಿಟ್ಟರೆ ಬೇರೆ ಬೇಡ ಎಂದು ನನ್ನ ಹತ್ತಿರ ಮಾತ್ರ ಹೇಳಿದ್ದಳು. ತೊಂಬತ್ತೆಂಟರ ಏಪ್ರಿಲಿನಲ್ಲಿ ಹುಡುಗನ ತಾಯಿ ಮನೆ ನೋಡಲು ಬಂದರು. ಹೆಣ್ಣು ಒಪ್ಪಿಗೆ, ಜಾತಕ ಒಪ್ಪಿಗೆ. ಇನ್ನು ಎಳನೀರು ಕುಡಿದು ಏಳುವುದೊಂದೇ ಬಾಕಿ. ಆಗ ಮಾವ ಬೆಂಕಿಗೂಡಿನ ಪಕ್ಕ ನಿಂತು ಗಂಟಲು ಸರಿಮಾಡಿಕೊಂಡರು.

ಆ ತಾಯಿ ಎಳನೀರಿನ ಲೋಟ ಕೆಳಗಿಟ್ಟು ಪೂರ್ತಿ ಕೇಳಿದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು.

“ಮದುವೆ ಆಗದೆ ಸತ್ತದ್ದಾ?”

“ನಿಶ್ಚಯ ಆಗಿತ್ತು” ಎಂದರು ಮಾವ, ಹೆಮ್ಮೆಯಿಂದ. “ಹುಡುಗ ಹಡಗಿನಲ್ಲಿ ಬರ್ತಾ ಇದ್ದ.”

ಹಡಗಿನ ಹುಡುಗ ಅದೇ ಕ್ಷಣ ಹುಟ್ಟಿದವನು. ಅವನ ಸುದ್ದಿ ನನ್ನ ಡೈರಿಯಲ್ಲಿ ಅದಕ್ಕೆ ಮೊದಲು ಎಲ್ಲಿಯೂ ಇಲ್ಲ.

ನಮ್ಮ ಕಡೆಯ ನಂಬಿಕೆ ಗೊತ್ತಿಲ್ಲದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಮದುವೆಯಾಗದೆ ಸತ್ತವರು ಮನೆಯಲ್ಲೇ ಉಳಿದು, ಬದುಕಿರುವವರ ಮದುವೆಗೆ ಅಡ್ಡ ಬರುತ್ತಾರೆ ಎಂದು ನಮ್ಮವರು ನಂಬುತ್ತಾರೆ. ಅದಕ್ಕೆ ಪರಿಹಾರ ಪ್ರೇತಮದುವೆ. ಸತ್ತ ಹೆಣ್ಣಿಗೆ ಸತ್ತ ಗಂಡನ್ನು ಹುಡುಕಿ, ಮಾತುಕತೆ ಆಡಿ, ಧಾರೆ ಎರೆದು ಕಳಿಸಿಕೊಡುವುದು. ಮೂಡುಬಿದಿರೆಯ ತಾಯಿ ಊರಿಗೆ ಹೋಗಿ ಹೇಳಿ ಕಳಿಸಿದರು: ಮೊದಲು ಜೋಯಿಸರಿಂದ ಒಂದು ಪ್ರಶ್ನೆ ಇಡಿಸಿ ನೋಡುವ, ನಮ್ಮ ಹುಡುಗನ ಪ್ರಾಣದ ವಿಷಯ.

ಮಾವನಿಗೆ ಅವತ್ತೇ ಒಂದು ಮಾತು ಹೇಳಿ ಮುಗಿಸಬಹುದಿತ್ತು: ಅದು ನಾನು ಕಟ್ಟಿದ ಕತೆ ಎಂದು. ಹೇಳಲಿಲ್ಲ. ಸೋದರ ಸೊಸೆಯ ಬಾಳು ಒಂದು ಕಡೆ, ಇಂಗ್ಲಿಷ್ ಪ್ರೇತದ ಯಜಮಾನಿಕೆ ಒಂದು ಕಡೆ. ಅವರು ಎರಡನ್ನೂ ತೂಗಿ ನೋಡಿದ್ದನ್ನು ನಾನು ಕಂಡಿದ್ದೇನೆ. ಬಹಳ ಹೊತ್ತು ತೂಗಲೂ ಇಲ್ಲ.

ಪ್ರಶ್ನೆ ಇಡಲು ಬಂದ ಜೋಯಿಸರು ಚಾವಡಿಯಲ್ಲಿ ಮಣೆಯ ಮೇಲೆ ಕವಡೆ ಹರಡಿಕೊಂಡು ಕುಳಿತರು. ಬರುವ ದಾರಿಯಲ್ಲಿ ರಿಕ್ಷಾದವನಿಂದ ಕತೆ ಕೇಳಿಕೊಂಡೇ ಬಂದಿದ್ದರು, ಹಾಗಾಗಿ ಕವಡೆಗಳಿಗೆ ಹೆಚ್ಚು ಶ್ರಮವಾಗಲಿಲ್ಲ. ಕನ್ಯೆ, ಪರದೇಶದವಳು, ಬಿಳಿ ಬಟ್ಟೆ ಎಂದರು. ಬಂಧುಗಳೆಲ್ಲ ತಲೆದೂಗಿದರು. ಆಗ ನಾನು ಡೈರಿ ತಂದು, ತೊಂಬತ್ತನಾಲ್ಕರಲ್ಲಿ ಮಾವನೇ ಅವಳನ್ನು ದೊರೆಯ ಹೆಂಡತಿ ಎಂದಿದ್ದರು, ಹೆಂಡತಿ ಎಂದ ಮೇಲೆ ಮದುವೆ ಆಗಿರಲೇಬೇಕಲ್ಲ ಎಂದು ಓದಿ ಹೇಳಿದೆ. ದೊರೆಗೆ ಸಂಸಾರವೇ ಇರಲಿಲ್ಲ ಎಂದು ಅಜ್ಜಿ ಹೇಳುತ್ತಿದ್ದುದನ್ನೂ ಹೇಳಿದೆ. ನನ್ನ ಲೆಕ್ಕದಲ್ಲಿ ವಿಷಯ ಅಲ್ಲಿಗೆ ಮುಗಿಯಬೇಕಿತ್ತು.

ಮಾವ ನನ್ನನ್ನು ನೋಡಿದ ನೋಟವನ್ನು ವರ್ಣಿಸುವ ಅಗತ್ಯ ಇಲ್ಲ. “ತಾಯಿ ಬೇರೆ, ಮಗಳು ಬೇರೆ” ಎಂದರು. “ಇಬ್ಬರೂ ಸತ್ತಿದ್ದಾರೆ.”

ನಾನು ಒಂದು ಪ್ರೇತವನ್ನು ಓಡಿಸಲು ಹೋದವಳು ಎರಡು ಮಾಡಿ ಕುಳಿತೆ. ಜೋಯಿಸರು ಮತ್ತೆ ಕವಡೆ ಸರಿಸಿ, ತಾಯಿಯಿಂದ ಉಪದ್ರ ಇಲ್ಲ, ಅವಳು ಮುತ್ತೈದೆಯಾಗಿ ಹೋದವಳು, ಮಗಳದ್ದೇ ಬಾಧೆ ಎಂದು ತೀರ್ಪು ಕೊಟ್ಟರು. ಬರುವ ಆಟಿಯಲ್ಲಿ ಅವಳ ಮದುವೆ ಮಾಡಬೇಕು. ಆಟಿ ಎಂಬ ಮಳೆಗಾಲದ ತಿಂಗಳಲ್ಲಿ ಬದುಕಿರುವವರಿಗೆ ಮುಹೂರ್ತ ಇಲ್ಲ, ಸತ್ತವರಿಗೆ ಉಂಟು.

ಅಂದು ಹಿತ್ತಿಲಲ್ಲಿ ಅಕ್ಕನ ಹತ್ತಿರ, ಇನ್ನೂ ಹಳೆಯ ಡೈರಿ ತೆಗೆದು ತೋರಿಸುತ್ತೇನೆ, ಮೂಡುಬಿದಿರೆಗೇ ಹೋಗಿ ಹೇಳುತ್ತೇನೆ ಎಂದೆ. ಅಕ್ಕ ಬಟ್ಟೆ ಹಿಂಡುವುದನ್ನು ನಿಲ್ಲಿಸಲಿಲ್ಲ.

“ನಿನ್ನ ಡೈರಿಯಿಂದ ನನಗೆ ಮದುವೆ ಆಗುದಿಲ್ಲ ಮಾರಾಯ್ತಿ. ಅವಳಿಗೆ ಆದ್ರೆ ಆಗ್ತದೆ. ಮೊದಲು ಅವಳದ್ದೇ ಆಗ್ಲಿ.”

ಗಂಡು ಹುಡುಕುವ ಕೆಲಸ ಶುರುವಾಯಿತು. ಬಳಗದಲ್ಲಿ ಸತ್ತ ಗಂಡುಗಳು ಬೇಕಾದಷ್ಟು ಇದ್ದರು, ಆದರೆ ಹೆಣ್ಣಿನ ಬರಿ ಯಾವುದು ಎಂಬ ಪ್ರಶ್ನೆ ಬಂತು. ಇಂಗ್ಲಿಷರಿಗೆ ಬರಿ ಇಲ್ಲ. ನಮ್ಮ ಮನೆಯಲ್ಲಿ ಇಷ್ಟು ವರ್ಷ ಇದ್ದದ್ದರಿಂದ ನಮ್ಮದೇ ಬರಿ ಎಂದು ಹಿರಿಯರು ಅವಳನ್ನು ಸೇರಿಸಿಕೊಂಡರು. ಬದುಕಿರುವ ಯಾರಾದರೂ ಹೀಗೆ ಸೇರಲು ಬಂದಿದ್ದರೆ ಇದೇ ಹಿರಿಯರು ಜಗಲಿಯಿಂದ ಮೇಲೆ ಹತ್ತಿಸುತ್ತಿರಲಿಲ್ಲ. ಇಷ್ಟಾದ ಮೇಲೆ ಮಾವ ಬಂದ ಸಂಬಂಧಗಳಿಗೆ ಕೊಂಕು ತೆಗೆಯತೊಡಗಿದರು. ಒಬ್ಬ ಗಂಡು ಎಸ್ಸೆಸ್ಸೆಲ್ಸಿ ಫೇಲಾಗಿ ಸತ್ತವನು, ದೊರೆಯ ಮಗಳಿಗೆ ಹೊಂದುವುದಿಲ್ಲ. ಇನ್ನೊಬ್ಬನ ಮನೆಯವರ ಅಂತಸ್ತು ಸಾಲದು. ಗುಡ್ಡದ ಬುಡದಲ್ಲಿ ಹಳೆ ಹಂಚು, ಹಳೆ ಮರದ ವ್ಯಾಪಾರ ಮಾಡುತ್ತಿದ್ದ ಬ್ಯಾರಿ ಸಾಹೇಬರು, ಮೂವರು ಮಕ್ಕಳನ್ನು ದುಬಾಯಿಗೆ ಕಳಿಸಿದವರು, ದಾರಿಯಲ್ಲಿ ಮಾವನನ್ನು ನಿಲ್ಲಿಸಿ ವಿಚಾರಿಸಿದರು.

“ಧನಿಗಳೇ, ಮದುಮಗಳ ಪಾಸ್‌ಪೋರ್ಟ್ ಎಲ್ಲ ಸರಿ ಉಂಟಲ್ಲ? ಐವತ್ತು ವರ್ಷ ವೀಸಾ ಇಲ್ದೆ ಕೂತದ್ದು, ಕೇಸಾದೀತು.”

ಮಾವ ನಗಲಿಲ್ಲ. ಇಡೀ ಬಂಟ್ವಾಳದಲ್ಲಿ ಆ ತಿಂಗಳು ಸರಿಯಾದ ಪ್ರಶ್ನೆ ಕೇಳಿದವರು ಅವರೊಬ್ಬರೇ.

ಕೊನೆಗೆ ಬೆಳ್ತಂಗಡಿ ಕಡೆಯ ಒಂದು ಸಂಬಂಧ ಕೂಡಿಬಂತು. ಆ ಮನೆಯ ಹಿರಿಯ ಮಗ ಎರಡು ವರ್ಷದ ಮಗುವಾಗಿದ್ದಾಗ ತೀರಿಕೊಂಡಿದ್ದ. ಈಗ ಕಿರಿಯವನಿಗೆ ಹೆಣ್ಣು ಸಿಗದೆ ಅವರೂ ಪ್ರಶ್ನೆ ಇಡಿಸಿ ಹುಡುಕುತ್ತಿದ್ದರು. ಸತ್ತ ಮಕ್ಕಳೂ ಬದುಕಿರುವವರ ಜೊತೆಗೇ ಬೆಳೆದು ದೊಡ್ಡವರಾಗುತ್ತಾರೆ ಎಂಬುದು ನಮ್ಮವರ ಲೆಕ್ಕ. ಆ ಪ್ರಕಾರ ಹುಡುಗನಿಗೆ ಮೂವತ್ತು. ಅದೇ ಪ್ರಕಾರ ಹೆಣ್ಣಿಗೆ ಎಪ್ಪತ್ತು ದಾಟಬೇಕು ಎಂದು ನಾನು ಕೂಡಿಸಿ ತೋರಿಸಿದೆ. ಹೆಣ್ಣು ದೊಡ್ಡವಳಾದರೆ ಸಂಬಂಧ ಮುರಿಯುತ್ತದೆ. ಮಾವ ಜೋಯಿಸರನ್ನು ಕೇಳಿ ಬಂದರು. ಇಂಗ್ಲಿಷರ ಪ್ರೇತಗಳಿಗೆ ಸತ್ತ ಮೇಲೆ ವಯಸ್ಸಾಗುವುದಿಲ್ಲವಂತೆ. ನಾನು ಅದನ್ನು ಹಾಗೆಯೇ ಬರೆದುಕೊಂಡು ಅಡಿಗೆರೆ ಎಳೆದೆ.

ಸೀರೆಯ ವಿಷಯದಲ್ಲಿ ದೊಡ್ಡ ಜಗಳವಾಯಿತು. ಮದುಮಗಳಿಗೆ ಬಿಳಿ ಗೌನೇ ಬೇಕು, ಇಂಗ್ಲಿಷರ ಪದ್ಧತಿ ಅದು ಎಂದರು ಮಾವ. ಮದುವೆಗೆ ಬಿಳಿಯಾ ಎಂದು ಹೆಂಗಸರೆಲ್ಲ ಬಾಯಿಗೆ ಕೈಯಿಟ್ಟರು. ಅಕ್ಕನೇ ಮುಂದೆ ಬಂದು, ಕೊಡುವುದು ನಮ್ಮವರ ಮನೆಗಾದರೆ ಸೀರೆಯೇ ಸರಿ ಎಂದು ಮಾತು ಮುಗಿಸಿ, ಅಮ್ಮನೊಂದಿಗೆ ಮಂಗಳೂರಿಗೆ ಹೋಗಿ ಕೆಂಪು ರೇಷ್ಮೆ ಸೀರೆ ಆರಿಸಿ ತಂದಳು. ಒಳ್ಳೆಯ ಸೀರೆ. ತನ್ನ ಮದುವೆಗೆ ಆರಿಸಿದ್ದರೂ ಅವಳು ಅಷ್ಟು ಅಂಗಡಿ ಹತ್ತಿ ಇಳಿಯುತ್ತಿರಲಿಲ್ಲ. ಆಮೇಲೆ ತನ್ನ ಸೀರೆಯನ್ನು ಒಂದೇ ಅಂಗಡಿಯಲ್ಲಿ ಆರಿಸಿ ಮುಗಿಸಿದಳು.

ಮದುವೆಯನ್ನು ನಾನು ನೋಡಲಿಲ್ಲ. ಮದುವೆಯಾಗದವರು ಪ್ರೇತಮದುವೆ ನೋಡಬಾರದೆಂಬುದು ನಿಯಮ. ಹಾಗಾಗಿ ಯಾರಿಗೋಸ್ಕರ ಇದೆಲ್ಲ ನಡೆಯಿತೋ ಆ ಅಕ್ಕ ಮತ್ತು ನಾನು ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಬೆಳ್ಳುಳ್ಳಿ ಸುಲಿಯುತ್ತಾ ಕುಳಿತೆವು. ಚಾವಡಿಯಲ್ಲಿ ಎರಡು ಕುರ್ಚಿ ಇಟ್ಟು ಒಂದರ ಮೇಲೆ ಸೀರೆ, ಒಂದರ ಮೇಲೆ ಅಂಗಿ ಪಂಚೆ. ಹೂಮಾಲೆ, ಧಾರೆ, ಕುರ್ಚಿಗಳನ್ನು ಅದಲುಬದಲು ಮಾಡುವುದು, ಎಲ್ಲವೂ ನಡೆದದ್ದು ಸದ್ದಿನಿಂದ ತಿಳಿಯುತ್ತಿತ್ತು. ಧಾರೆಯ ಹೊತ್ತಿಗೆ ಮಾವ ಇಂಗ್ಲಿಷಿನಲ್ಲಿ ನಾಲ್ಕು ಮಾತು ಹೇಳಿದರು, ಹೆಣ್ಣಿಗೆ ಅರ್ಥವಾಗಬೇಕಲ್ಲ. ಊಟಕ್ಕೆ ಎಂಬತ್ತಮೂರು ಎಲೆ. ಕೋಳಿ ಸಾರಿಗೆ ಉಪ್ಪು ಕಡಿಮೆಯಾಗಿತ್ತು.

ಊಟವಾದ ಮೇಲೆ ಬೆಳ್ತಂಗಡಿಯ ತಾಯಿ ಹಿಂದಿನ ಕೋಣೆಗೆ ನಮ್ಮನ್ನು ನೋಡಲು ಬಂದರು. ಸಣ್ಣ ಜೀವದ ಹೆಂಗಸು. ಸೀರೆಯನ್ನು ಎದೆಗೆ ಅವಚಿ ಹಿಡಿದಿದ್ದರು. ಆ ಮಗು ತೀರಿಕೊಂಡ ಮೇಲೆ ಅವನಿಗೆಂದು ಪ್ರತಿ ವರ್ಷ ಒಂದು ಅಂಗಿ ಹೊಲಿಸುತ್ತಿದ್ದರಂತೆ, ವರ್ಷ ಹೋದ ಹಾಗೆ ಅಳತೆ ಹೆಚ್ಚಿಸುತ್ತಾ. “ಇನ್ನು ಅವನಿಗೆ ಒಬ್ಬನೇ ಅಂತ ಆಗುದಿಲ್ಲ ಮಗಾ” ಎಂದರು ಅಕ್ಕನಿಗೆ. ಅದುವರೆಗೆ ಇಡೀ ಮನೆಯನ್ನು ತಮಾಷೆ ಮಾಡುತ್ತಿದ್ದ ನಾನು ಬೆಳ್ಳುಳ್ಳಿಯ ಸಿಪ್ಪೆ ನೋಡುತ್ತಾ ಕುಳಿತೆ. ಇವರನ್ನು ತಮಾಷೆ ಮಾಡಲು ನನಗೆ ಆಗಲಿಲ್ಲ, ಈಗಲೂ ಆಗುವುದಿಲ್ಲ. ಆ ದಿನ ಆ ಮನೆಯಲ್ಲಿ ನಿಜವಾಗಿ ಸತ್ತದ್ದು ಅಂತ ಇದ್ದದ್ದು ಅವರ ಮಗು ಒಂದೇ.

ಅವರು ಹೊರಟು ಜೀಪು ಗುಡ್ಡ ಇಳಿದ ಮೇಲೆ ಮಾವನಿಗೆ ವಿಷಯ ಹೊಳೆಯಿತು. ಮದುವೆಯಾದ ಹೆಣ್ಣು ಗಂಡನ ಮನೆಗೆ ಹೋಗುತ್ತಾಳೆ. ಸತ್ತರೂ ಅದೇ ನಿಯಮ. ದೊರೆಯ ಮಗಳು ಈಗ ಬೆಳ್ತಂಗಡಿಯವಳು. ನಮ್ಮ ಬಂಗ್ಲೆಯಲ್ಲಿ ಉಳಿದದ್ದು ಬೆಂಕಿಗೂಡು ಮತ್ತು ಗೆರಟೆ.

ಮಾವ ಹೊಸ ಅತಿಥಿಗಳಿಗೆ ಕತೆ ಶುರುಮಾಡಿದರೆ ಕೇಳಿದವರು, ಅವಳನ್ನು ಬೆಳ್ತಂಗಡಿಗೆ ಕೊಟ್ಟಾಯಿತಲ್ಲ ಎನ್ನುತ್ತಿದ್ದರು. ದೀಪಾವಳಿಯ ಹೊತ್ತಿಗೆ ಆ ಕಡೆಯಿಂದಲೂ ಸುದ್ದಿ ಬರತೊಡಗಿತು. ಇಂಗ್ಲಿಷ್ ಸೊಸೆ ಬಂದ ಮೇಲೆ ಕಿರಿಯವನಿಗೆ ಹೆಣ್ಣು ಸಿಕ್ಕಿತಂತೆ, ಅವಳಿಗೆ ಬಡಿಸುವಾಗ ಕಾಫಿಯ ಬದಲು ಚಾ ಇಡುತ್ತಾರಂತೆ. ಚಾದ ವಿಷಯ ತನಗೆ ಯಾಕೆ ಮೊದಲೇ ಹೊಳೆಯಲಿಲ್ಲ ಎಂದು ಮಾವ ಒಂದು ವಾರ ಮಂಕಾಗಿದ್ದರು. ಉಳಿದಿದ್ದ ತಾಯಿ ಪ್ರೇತವನ್ನು ಎರಡು ಸಲ ಮುಂದೆ ತಂದು ನೋಡಿದರು. ಮಧ್ಯವಯಸ್ಸಿನ ಹೆಂಗಸು ಜಗಲಿಯಲ್ಲಿ ನಡೆಯುತ್ತಾಳೆ ಎಂದರೆ ಆಗಲೂ ಯಾರೂ ಕಿವಿ ಕೊಡಲಿಲ್ಲ.

ಡಿಸೆಂಬರಿನಲ್ಲಿ ಅಕ್ಕನ ಮದುವೆ ಆಯಿತು. ಅವಳು ಬಯಸಿದ ಹುಡುಗನೇ. ಮೂಡುಬಿದಿರೆಯ ಮನೆಗೆ ನಾನು ಮೊದಲ ಸಲ ಹೋದಾಗ ಅವಳ ಅತ್ತೆ ನೆರೆಮನೆಯವರಿಗೆ ನನ್ನ ಪರಿಚಯ ಮಾಡಿಕೊಟ್ಟ ಬಗೆ ಇದು: ನಮ್ಮ ಸೊಸೆಯ ತಂಗಿ, ಬಂಟ್ವಾಳದ ಆ ದೊರೆ ಬಂಗ್ಲೆಯವಳು, ಇಂಗ್ಲಿಷ್ ಹುಡುಗಿಯ ಪ್ರೇತ ಇದ್ದ ಮನೆ. ಆಮೇಲೆ ಅವರು ಕತೆ ಹೇಳಿದರು. ಹುಡುಗಿ ನೆರೆಯಲ್ಲಿ ಸತ್ತಳು. ನನ್ನ ಡೈರಿಯಲ್ಲಿ ನೆರೆಯ ಲೆಕ್ಕ ಅಲ್ಲಿಗೆ ಐದಾಯಿತು. ಯಾವ ಪ್ರೇತಕ್ಕೆ ಹೆದರಿ ಮಗನ ಮದುವೆಯನ್ನು ಎಂಟು ತಿಂಗಳು ತಡೆದಿದ್ದರೋ ಅದೇ ಪ್ರೇತವನ್ನು ಈಗ ಸೊಸೆ ತಂದ ಚಿನ್ನದ ಜೊತೆಗೆ ಸೇರಿಸಿ ಹೇಳುತ್ತಿದ್ದರು. ಅಕ್ಕನಿಗೆ ಬೆಳಿಗ್ಗೆ ಶಾಲೆಯಲ್ಲಿ ಪಾಠ, ಸಂಜೆ ಇವರ ಅತಿಥಿಗಳ ಚಾಕರಿ. ಅಕ್ಕ ಸೊರಗಿದ್ದಳು. ಗಂಡ ಒಳ್ಳೆಯವನು, ಆದರೆ ತಾಯಿಯ ಮುಂದೆ ಬಾಯಿ ಬಿಡುವವನಲ್ಲ.

ಮರುವರ್ಷದ ಆಟಿಗೆ ಅಕ್ಕ ಶಾಲೆಗೆ ತಿಂಗಳ ರಜೆ ಹಾಕಿ ತವರಿಗೆ ಬಂದಳು. ಹೊಸದಾಗಿ ಮದುವೆಯಾದವರು ಆಟಿ ತಿಂಗಳು ತವರಲ್ಲಿ ಕಳೆಯಬೇಕು. ಅತ್ತೆ ಕಳಿಸುವಾಗಲೇ, ತಿಂಗಳೆಲ್ಲ ಬೇಡ, ಹತ್ತು ದಿನ ಸಾಕು ಎಂದಿದ್ದರಂತೆ. ಅಕ್ಕ ಬಂದ ಮೂರನೇ ದಿನ ಬೆಳ್ತಂಗಡಿಯ ತಾಯಿ ಬಸ್ಸಿಳಿದು ಗುಡ್ಡ ಹತ್ತಿ ಬಂದರು. ಕೈಯಲ್ಲಿ ಬಟ್ಟೆ ಅಂಗಡಿಯ ಚೀಲ, ಅದರೊಳಗೆ ಆ ಕೆಂಪು ಸೀರೆ.

“ಅವಳಿಗೂ ಮೊದಲನೇ ಆಟಿ ಅಲ್ವಾ” ಎಂದು ಅಮ್ಮನಿಗೆ ಹೇಳಿದರು. “ತಾಯಿ ಮನೆಯಲ್ಲಿ ಒಂದು ತಿಂಗಳು ಇರ್ಲಿ. ಆಟಿ ಮುಗಿದು ಸೋಣ ಸಂಕ್ರಾಂತಿ ಆದ ಮೇಲೆ ನಾನೇ ಬಂದು ಕರ್ಕೊಂಡು ಹೋಗ್ತೇನೆ.”

ಮಾವ ಜಗಲಿಯಿಂದ ಇಳಿದು ಬಂದು ಚೀಲವನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಅವರ ಮುಖ ಅಷ್ಟು ಅರಳಿದ್ದನ್ನು ನಾನು ನಿವೃತ್ತಿಯ ಸನ್ಮಾನದ ದಿನವೂ ನೋಡಿರಲಿಲ್ಲ. ಬೆಂಕಿಗೂಡಿನ ಮುಂದೆ ಕುರ್ಚಿ ಹಾಕಿ ಸೀರೆ ಇಟ್ಟರು. ಅಮಾವಾಸ್ಯೆಯ ದಿನ ಎಲ್ಲರೂ ಕುಡಿಯುವ ಹಾಲೆ ಮರದ ಕಹಿ ಕಷಾಯವನ್ನು ದೊರೆಯ ಮಗಳಿಗೂ ಇಡಬೇಕೋ, ಇಟ್ಟರೆ ಸಕ್ಕರೆ ಹಾಕಬೇಕೋ ಎಂದು ಅಮ್ಮನನ್ನು ಕೇಳಿದರು.

ಹತ್ತನೇ ದಿನ ಮೂಡುಬಿದಿರೆಯಿಂದ ಫೋನು ಬಂತು. ಅತ್ತೆಯೇ ಮಾಡಿದ್ದರು. ಮನೆಗೆ ನೆಂಟರು ಬರುವವರಿದ್ದಾರೆ, ನಾಳೆ ಮಧ್ಯಾಹ್ನದ ಬಸ್ಸಿಗೆ ಹೊರಟು ಬಾ ಎಂದು ಹೇಳಿದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಿತು. ಅಕ್ಕ ಕುರ್ಚಿಯ ಕಡೆ ನೋಡಿದಳು.

“ಬರಬಹುದಿತ್ತು ಅತ್ತೆ. ಆದ್ರೆ ದೊರೆಯ ಮಗಳೂ ಆಟಿಗೆ ಬಂದಿದ್ದಾಳೆ. ದೊಡ್ಡವಳನ್ನು ಬಿಟ್ಟು ಸಣ್ಣವಳು ಮೊದಲು ಹೊರಟ್ರೆ ಅವಳಿಗೆ ಬೇಜಾರಾಗ್ತದೆ. ಆಮೇಲೆ ಸುಮ್ಮನೆ ನಿಮ್ಮ ಮನೆಗೆ ಉಪದ್ರ.”

ಅತ್ತೆ, ಅವಸರ ಇಲ್ಲ, ತಿಂಗಳು ಮುಗಿಸಿಯೇ ಬಾ ಎಂದು, ಪಾಪ, ಹುಷಾರಾಗಿ ಇರು ಎಂದೂ ಹೇಳಿ ಫೋನಿಟ್ಟರು.

ಅಕ್ಕ ಒಳಗೆ ಹೋಗಿ ಚಾಪೆ ಹಾಸಿಕೊಂಡು ಹಗಲಿನಲ್ಲೇ ಮಲಗಿದಳು. ಏಳು ತಿಂಗಳಲ್ಲಿ ಮೊದಲ ಸಲ ಎಂದು ಆಮೇಲೆ ಹೇಳಿದಳು. ಎದ್ದು ಚಾ ಕುಡಿಯುತ್ತಿದ್ದಾಗ ನಾನು ಡೈರಿ ಬಿಚ್ಚಿದ್ದು ಕಂಡು, “ಬರೆ, ಬರೆ” ಎಂದಳು. “ಸತ್ತ ಮೇಲೆ ಅವಳು ಮಾಡಿದ ಉಪಕಾರ, ಒಂದು.”

ಬರೆದೆ. ಅಂದು ಮಧ್ಯಾಹ್ನ ಊಟಕ್ಕೆ ನಾಲ್ಕು ಜನ. ಮಾವ ಐದು ಎಂದರು. ನಾನು ನಾಲ್ಕೇ ಬರೆದೆ.